ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ನಮ್ಮ ಆಯ್ಕೆ ಸ್ವತಂತ್ರವೇ?

ಸ್ವತಂತ್ರವೇ ಎಂಬುದು ಬಹುಪಾಲು ಕ್ರೈಸ್ತ ಚಿಂತಕರ ನಿಲುವು. ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ. ಕೋಳಿ ಕೂಗುವ ಮುನ್ನ ತನ್ನನ್ನು ಮೂರು ಬಾರಿ ಅಲ್ಲಗಳೆಯುವೆ ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ್ದ. ಆದರೂ ಯೇಸುವಿನ ಬಂಧನವಾದ ರಾತ್ರಿ, ಮಹಾಯಾಜಕನ ಅಂಗಳದ ಬೆಂಕಿಯ ಬಳಿ, ಪೇತ್ರನ ಬಾಯಿಂದ ‘ಅವನನ್ನು ನಾನರಿಯೆ’ ಎಂಬ ಸುಳ್ಳು ಹೊರಡಿಸಿದ್ದು ಆ ಮಾತಲ್ಲ, ಅವನದೇ ಭಯ. ಆಮೇಲೆ ಬಿಕ್ಕಿ ಅತ್ತದ್ದೂ ಅದಕ್ಕೇ.

ತೊಡಕಿರುವುದು ‘ಮೊದಲೇ’ ಎಂಬ ಪದದಲ್ಲಿ. 6ನೆಯ ಶತಮಾನದ ರೋಮನ್ ತತ್ತ್ವಜ್ಞಾನಿ ಬೋಯೆಥಿಯಸ್ ಪ್ರಕಾರ ದೇವರು ಕಾಲದ ಹೊರಗಿದ್ದಾನೆ. ನಮ್ಮ ನಾಳೆಯೂ ಅವನಿಗೆ ಕಣ್ಣೆದುರಿನ ವರ್ತಮಾನ. ಒಬ್ಬ ನಡೆಯುವುದನ್ನು ನೋಡಿದ ಮಾತ್ರಕ್ಕೆ ಅವನನ್ನು ನಾವು ನಡೆಸಿದಂತಾಗುವುದಿಲ್ಲ. ನನಗಂತೂ ಇದರಿಂದ ಪೂರ್ತಿ ಸಮಾಧಾನವಿಲ್ಲ: ಕಾಲಾತೀತನ ಅರಿವೂ ತಪ್ಪಲಾರದು ತಾನೇ? ಹಾಗಿದ್ದರೆ ನಾನು ಬೇರೆಯದನ್ನು ಆರಿಸುವುದು ಹೇಗೆ? 16ನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಇನ್ನೂ ಮುಂದೆ ಹೋಗಿ, ದೇವರು ತಿಳಿಯುವುದಷ್ಟೇ ಅಲ್ಲ, ನಿಯಮಿಸುತ್ತಾನೆ ಎಂದೇ ಬರೆದ.