ಒಬ್ಬರೇ ರೋಗಿ, ಎರಡು ದಾಖಲೆ: ಏನು ಮಾಡಬೇಕು?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಹತ್ತು ಹಾಸಿಗೆಗಳ ನರ್ಸಿಂಗ್ ಹೋಮ್. ಕೇಸ್ ಶೀಟ್ ಬಿಟ್ಟು ಕಂಪ್ಯೂಟರಿಗೆ ಬಂದ ಮೇಲೆ ಒಬ್ಬರೇ ರೋಗಿಗೆ ಎರಡು, ಕೆಲವೊಮ್ಮೆ ಮೂರು ನೋಂದಣಿ ಸಂಖ್ಯೆಗಳು ಕಾಣಿಸುತ್ತಿವೆ. ಸಾಫ್ಟ್‌ವೇರ್‌ನಲ್ಲಿ ಡಿಲೀಟ್ (ಅಳಿಸುವುದು), ಮರ್ಜ್ (ಎರಡು ದಾಖಲೆಗಳನ್ನು ಒಂದಾಗಿಸುವುದು) ಎರಡೂ ಇವೆ. ಹಳೆಯ ದಾಖಲೆಯನ್ನು ಅಳಿಸಿ ಹೊಸದನ್ನು ಉಳಿಸಿಕೊಂಡರೆ ಸಾಕೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಅಳಿಸಬೇಡಿ. ಆ ಎರಡರಲ್ಲಿ ಯಾವುದೂ ಸುಳ್ಳು ದಾಖಲೆಯಲ್ಲ. ಒಂದೊಂದರಲ್ಲೂ ಚಿಕಿತ್ಸೆಯ ಒಂದೊಂದು ಭಾಗ ಉಳಿದಿದೆ. ಒಂದು ಸಂಖ್ಯೆಯಲ್ಲಿ ಪೆನಿಸಿಲಿನ್ ಅಲರ್ಜಿ ನಮೂದಾಗಿದ್ದು, ವೈದ್ಯರು ಇನ್ನೊಂದನ್ನು ತೆರೆದು ಅದೇ ಗುಂಪಿನ ಔಷಧಿಯಾದ ಅಮಾಕ್ಸಿಸಿಲಿನ್ ಬರೆದರೆ ಸಾಫ್ಟ್‌ವೇರ್ ಎಚ್ಚರಿಸುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಅವರು ಇಬ್ಬರು ಬೇರೆ ಬೇರೆ ರೋಗಿಗಳು. ಕಾನೂನಿನ ಹೊಣೆಯೂ ಇದೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ, ಅವರ ಅಧಿಕೃತ ಸಹಾಯಕರು ಅಥವಾ ಕಾನೂನು ಅಧಿಕಾರಿಗಳು ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ.

ಹಾಗೆಂದು ಮರ್ಜ್ ಗುಂಡಿಯನ್ನೂ ಅವಸರದಲ್ಲಿ ಒತ್ತುವಂತಿಲ್ಲ. ಒಬ್ಬರ ದಾಖಲೆ ಎರಡಾಗುವುದಕ್ಕಿಂತ ಇಬ್ಬರ ದಾಖಲೆ ಒಂದಾಗುವುದು ಹೆಚ್ಚು ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಇರುತ್ತಾರೆ. ಅತ್ತೆ, ಸೊಸೆ, ಮೊಮ್ಮಗ ಎಲ್ಲರೂ ಮನೆಯ ಒಂದೇ ಮೊಬೈಲ್ ಸಂಖ್ಯೆ ಕೊಡುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1 ಎಂದೇ ಇರುತ್ತದೆ. ಆದ್ದರಿಂದ ಈ ಮೂರೂ ಹೊಂದಿಕೊಂಡ ಮಾತ್ರಕ್ಕೆ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಬಾರದು. ತಂದೆಯ ಅಥವಾ ಗಂಡನ ಹೆಸರು, ಹಿಂದೆ ಆದ ಶಸ್ತ್ರಚಿಕಿತ್ಸೆ, ರಕ್ತದ ಗುಂಪು ಇವನ್ನೂ ಹೋಲಿಸಿ ನೋಡಿ. ರಕ್ತದ ಗುಂಪು ಬೇರೆ ಬೇರೆ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರ ಗಮನಕ್ಕೆ ತನ್ನಿ. ರೋಗಿ ಎದುರಿಗಿದ್ದರೆ "ನೀವು ಎಲ್ಲಮ್ಮ ಅಲ್ಲವೇ?" ಎಂದು ಕೇಳಬೇಡಿ, ಜ್ವರದಲ್ಲಿರುವವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರು, ಊರು ಹೇಳಿ" ಎಂದು ಕೇಳಿ, ಅವರ ಬಾಯಿಂದಲೇ ಉತ್ತರ ಬರಲಿ.

ಒಬ್ಬರೇ ಎಂದು ಖಚಿತವಾದ ಮೇಲೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಏಕೆಂದರೆ ಓಪನ್‌ಎಂಆರ್‌ಎಸ್‌ನಂತಹ ಹೆಸರಾಂತ ರೋಗಿ-ದಾಖಲೆ ಸಾಫ್ಟ್‌ವೇರ್‌ನಲ್ಲಿಯೂ ಒಮ್ಮೆ ಮರ್ಜ್ ಮಾಡಿದ್ದನ್ನು ಹಿಂದಕ್ಕೆ ತರಲಾಗುವುದಿಲ್ಲ. ಬರಬೇಕಾದ ಲ್ಯಾಬ್ ರಿಪೋರ್ಟ್, ಮುಗಿಯದ ಬಿಲ್ ಇದ್ದರೆ ಅವು ಮುಗಿಯುವವರೆಗೆ ಕಾಯಿರಿ. ಬಿಟ್ಟುಕೊಡುವ ಸಂಖ್ಯೆಯೂ ಹುಡುಕಿದಾಗ ಸಿಗುವಂತಿರಬೇಕು. ರೋಗಿಯ ಕೈಯಲ್ಲಿರುವ ಕಾರ್ಡು, ಹಳೆಯ ಎಕ್ಸ್‌ರೇ ಲಕೋಟೆಗಳ ಮೇಲೆ ಅದೇ ಇರುತ್ತದೆ. ಅಲರ್ಜಿ ಮತ್ತು ಔಷಧಿಗಳ ಪಟ್ಟಿ ಒಂದರಲ್ಲೊಂದು ಹೊಂದದಿದ್ದರೆ ಎರಡನ್ನೂ ಉಳಿಸಿ. ಯಾವುದನ್ನು ತೆಗೆಯಬೇಕೆಂಬ ನಿರ್ಧಾರ ವೈದ್ಯರದು, ಕೌಂಟರಿನದಲ್ಲ. ಯಾರು, ಯಾವಾಗ, ಯಾವ ಆಧಾರದ ಮೇಲೆ ಸೇರಿಸಿದರು ಎಂಬುದನ್ನು ಬರೆದಿಡಿ. ಈ ಅನುಮತಿ ಒಬ್ಬಿಬ್ಬರು ನುರಿತ ಸಿಬ್ಬಂದಿಗೆ ಮಾತ್ರ ಇರಲಿ.

ಪ್ರಶ್ನೆ: ಹೆಸರು ಹುಡುಕಿ ಸಿಗದಿದ್ದಾಗಲೇ ನಮ್ಮ ಹುಡುಗಿಯರು ಹೊಸ ನೋಂದಣಿ ಮಾಡುತ್ತಾರೆ. ಹೆಸರು ಅಲ್ಲೇ ಇದ್ದರೂ ಏಕೆ ಸಿಗುವುದಿಲ್ಲ?

ಉತ್ತರ: ಕೆಲವು ಸಾಫ್ಟ್‌ವೇರ್‌ಗಳು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ತೋರಿಸುತ್ತವೆ. ಇನ್ನು ಕೆಲವು, ಇಂಗ್ಲಿಷ್ ಉಚ್ಚಾರಣೆಗಾಗಿ ರೂಪಿಸಿದ ಸೌಂಡೆಕ್ಸ್ ಎಂಬ ಹಳೆಯ ವಿಧಾನವನ್ನು ಬಳಸುತ್ತವೆ. ಅದು ಹೆಸರನ್ನು ಉಚ್ಚಾರಣೆಗೆ ತಕ್ಕಂತೆ ಒಂದು ಸಂಕೇತವಾಗಿ ಬದಲಿಸುತ್ತದೆ. ಲಕ್ಷ್ಮಿ ಎಂಬುದನ್ನು ಇಂಗ್ಲಿಷಿನಲ್ಲಿ 'ಕೆಎಸ್‌ಎಚ್' ಹಾಕಿ ಬರೆದರೂ 'ಎಕ್ಸ್' ಹಾಕಿ ಬರೆದರೂ ಅದು ಒಂದೇ ಸಂಕೇತ ಕೊಡುತ್ತದೆ. ಆದರೆ ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿಕೊಳ್ಳುವುದರಿಂದ 'ವೈ'ಯಿಂದ ಆರಂಭವಾಗುವ ಯಲ್ಲಮ್ಮ, 'ಇ'ಯಿಂದ ಆರಂಭವಾಗುವ ಎಲ್ಲಮ್ಮ ಅದಕ್ಕೆ ಬೇರೆ ಬೇರೆ. ಹೆಸರಿನ ನಡುವಿನ ಮೂರು ನಾಲ್ಕು ಅಕ್ಷರ ಹಾಕಿ, ಆಮೇಲೆ ಮೊಬೈಲ್ ಸಂಖ್ಯೆ ಹಾಕಿ, ಎರಡೂ ಬಗೆಯಲ್ಲಿ ಹುಡುಕಿದ ನಂತರವೇ ಹೊಸ ನೋಂದಣಿ ಮಾಡುವ ರೂಢಿ ಬೆಳೆಸಿ. ರೋಗಿ ತಾವಾಗಿ ಕೊಟ್ಟರೆ 14 ಅಂಕಿಗಳ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆಯನ್ನೂ ಬರೆದುಕೊಳ್ಳಿ. ಅದನ್ನು ಪಡೆಯುವುದು ಐಚ್ಛಿಕವಾದ್ದರಿಂದ ಇಲ್ಲವೆಂದವರನ್ನು ಒತ್ತಾಯಿಸಬೇಡಿ. ತಾಯಿಯ ಹೆಸರಿನಲ್ಲಿ ನೋಂದಾಯಿಸಿದ ನವಜಾತ ಶಿಶುವಿಗೆ ನಾಮಕರಣವಾದ ಮೇಲೆ ಹೊಸ ಸಂಖ್ಯೆ ಕೊಡದೆ, ಹಳೆಯ ದಾಖಲೆಯಲ್ಲಿಯೇ ಹೆಸರು ಬದಲಿಸಿ.