ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹಳೇ ಕಟ್ಟಡಕ್ಕೆ ಯಾಕಿಷ್ಟು ಮಹತ್ವ?

ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ ಚೂಪು ಕಮಾನು, ಗಡಿಯಾರ ಗೋಪುರ ಇರೋ ಕಟ್ಟಡ ನೋಡಿರ್ತೀರಿ, ಅಲ್ವಾ? ಅದೇ ಸೆಂಟ್ರಲ್ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ, 1875ರಲ್ಲಿ ಈ ಹೆಸರು ಪಡೆಯಿತು. ಆಗ ಪರೀಕ್ಷೆ, ಪದವಿ ಎಲ್ಲಾ ಮದ್ರಾಸ್ ವಿಶ್ವವಿದ್ಯಾಲಯದ್ದು. ಸರ್ ಎಂ. ವಿಶ್ವೇಶ್ವರಯ್ಯ 1881ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲೇ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿ (ಸಿ. ರಾಜಗೋಪಾಲಾಚಾರಿ) ಕೂಡ ಇಲ್ಲಿಯ ವಿದ್ಯಾರ್ಥಿ.

ನನಗೆ ಜಾಸ್ತಿ ರೋಮಾಂಚನ ಕೊಡೋದು ಇನ್ನೊಂದು ಸಂಗತಿ. ವಿಜ್ಞಾನಿ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ರಾಮನ್ ಪರಿಣಾಮ (ಬೆಳಕು ವಸ್ತುವಿನ ಅಣುಗಳಿಗೆ ತಾಗಿ ಚದುರುವಾಗ ಅದರ ಒಂದು ಚಿಕ್ಕ ಭಾಗದ ಬಣ್ಣ ಬದಲಾಗೋದು) ಕಂಡುಕೊಂಡದ್ದು 1928ರ ಫೆಬ್ರವರಿ 28ರಂದು. ಮಾರ್ಚ್ 16ಕ್ಕೆ, ಅಂದರೆ ಮೂರು ವಾರದೊಳಗೆ, ಅದನ್ನು ಈ ಕಾಲೇಜಿನಲ್ಲೇ ನಿಂತು ಉಪನ್ಯಾಸದಲ್ಲಿ ವಿವರಿಸಿದರು. ಎರಡು ವರ್ಷದ ನಂತರ ಅದಕ್ಕೇ ನೊಬೆಲ್ ಬಂತು. ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ.