ಎಂಟು ಜನರ ಮಾತು ಸಂಶೋಧನೆ ಆಗುತ್ತಾ?

ನಿಮ್ಮ ಪ್ರಶ್ನೆ: ಪಾರ್ಶ್ವವಾಯು ಆಗಿ ಫಿಸಿಯೋಥೆರಪಿಗೆ ಬರುವ ಎಂಟು ಜನರನ್ನು ಮಾತಾಡಿಸಿ ಪ್ರಬಂಧ ಬರೆಯುತ್ತಿದ್ದೀರಿ. 'ಎಂಟು ಜನರ ಕಥೆಯಿಂದ ಏನು ಸಾಬೀತಾಗುತ್ತೆ?' ಅಂತ ಗೈಡ್ ಕೇಳಿದ್ದಾರೆ, ಏನು ಹೇಳಲಿ?

ಏನೂ ಸಾಬೀತಾಗಲ್ಲ ಅಂತಲೇ ಹೇಳಿ. ನೂರರಲ್ಲಿ ಎಷ್ಟು ಜನ ಮತ್ತೆ ನಡೆದಾಡಿದರು ಅಂತ ತಿಳಿಯಲು ಎಂಟು ಜನ ಸಾಲುವುದಿಲ್ಲ. ನಡೆಯಲು ಬಂದ ಮೇಲೂ ಒಬ್ಬರು ಮನೆ ಬಿಟ್ಟು ಹೊರಗೆ ಯಾಕೆ ಬರುತ್ತಿಲ್ಲ ಅಂತ ತಿಳಿಯಲು ಎಂಟೇ ಜಾಸ್ತಿ ಆಗಬಹುದು. ಒಬ್ಬೊಬ್ಬರು ತಮ್ಮ ಅನುಭವವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಆಳವಾಗಿ ನೋಡುವ ಐಪಿಎ ಅನ್ನುವ ವಿಧಾನವನ್ನು ಮನೋವಿಜ್ಞಾನಿ ಜೊನಾಥನ್ ಸ್ಮಿತ್ 1990ರ ದಶಕದಲ್ಲಿ ರೂಪಿಸಿದರು; ಅದರಲ್ಲಿ ಒಬ್ಬರನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನಗಳೂ ಇವೆ.

ನಾನು ಕಲಬುರಗಿಯಲ್ಲಿ ಫಿಸಿಯೋ. ಪೇಷಂಟ್ ದಿನದ ಕೆಲಸಗಳನ್ನು ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಅಂತ ಅಳೆಯಲು ನಾವೆಲ್ಲ ಬಾರ್ಥೆಲ್ ಇಂಡೆಕ್ಸ್ ತುಂಬುತ್ತೇವೆ: ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಹೀಗೆ ಹತ್ತು ವಿಷಯ, ಒಟ್ಟು 100 ಅಂಕ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ತಾಯಿಗೆ ಹತ್ತಿರ ಹತ್ತಿರ ಪೂರ್ತಿ ಅಂಕ ಬಂತು. ನಮಗೆ ಖುಷಿ. ಅವರು ಮಾತ್ರ, "ರೊಟ್ಟಿ ಬಡಿಲಿಕ್ಕಿ ಕೈ ಬರವಲ್ದು. ಸೊಸಿ ಮಾಡಿ ಹಾಕ್ತಾಳ್ರಿ, ಖರೆ ಕುಂತು ಉಣ್ಣೋದು ಹ್ಯಾಂಗ್ರಿ?" ಅಂದರು. ಈ ಅಳತೆಯಲ್ಲಿ ಅಡುಗೆಯ ಪ್ರಶ್ನೆಯೇ ಇಲ್ಲ. 100 ಬಂದವರಿಗೆ ಅಡುಗೆ, ಮನೆಗೆಲಸ ಬರದೇ ಇರಬಹುದು ಅಂತ ಇದನ್ನು ಮಾಡಿದ ಮಹೋನಿ ಮತ್ತು ಬಾರ್ಥೆಲ್ 1965ರಲ್ಲೇ ಬರೆದಿದ್ದಾರೆ. ಅಡುಗೆ ಕೇಳುವ ಅಳತೆಗಳೂ ಇವೆ, ಸರಿ. ಆದರೆ ಉಣ್ಣಲು ಸಂಕೋಚ ಆಗುತ್ತಿದೆ ಅಂತ ಯಾವ ಕಾಲಮ್ಮಿನಲ್ಲಿ ತುಂಬುವುದು?

ಹಾಗಂತ ಮಾತಾಡಿಸಿದ ತಕ್ಷಣ ಅನುಭವ ಸಿಕ್ಕಿಬಿಡುತ್ತೆ ಅಂದುಕೊಳ್ಳಬೇಡಿ. ಗೈಡ್ ಹಿಡಿಯಬೇಕಾದದ್ದು ಇಲ್ಲಿ, ಸಂಖ್ಯೆಯಲ್ಲಲ್ಲ. ನಮ್ಮ ಕಡೆ ನೀವು ಪೇಷಂಟಿಗೆ ಕೇಳಿದರೆ ಮಗ ಉತ್ತರ ಕೊಡುತ್ತಾನೆ. 'ಈಗ ಅಡ್ಡಿಯಿಲ್ರಿ' ಅನ್ನುತ್ತಾನೆ, ತಾಯಿ ತಲೆಯಾಡಿಸುತ್ತಾರೆ. ಅದು ಮಗನ ಅನುಭವ. ಅದಕ್ಕೂ ಬೆಲೆ ಇದೆ, ಬೇರೆಯಾಗಿ ಬರೆದುಕೊಳ್ಳಿ. ಇನ್ನು ನೀವೇ ವ್ಯಾಯಾಮ ಮಾಡಿಸುವವರಾದರೆ ನಿಮ್ಮ ಮುಂದೆ 'ಇದರಿಂದ ಏನೂ ಉಪಯೋಗ ಆಗಲಿಲ್ಲ' ಅಂತ ಯಾರು ಹೇಳುತ್ತಾರೆ? ಬೇರೆಯವರಿಂದ ಮಾತಾಡಿಸಿ. ಆಗದಿದ್ದರೆ ನಿಮಗೂ ಅವರಿಗೂ ಇದ್ದ ಸಂಬಂಧವನ್ನು ಪ್ರಬಂಧದಲ್ಲೇ ಬರೆಯಿರಿ. ಸಂದರ್ಶನ ಮಾಡಿದ ಅಧ್ಯಯನದಲ್ಲಿ ಏನೇನು ಬರೆಯಬೇಕು ಅಂತ ಹೇಳುವ 2007ರ ಕೋರೆಕ್ (COREQ) ಪಟ್ಟಿಯ 32 ಅಂಶಗಳಲ್ಲಿ ಇದೂ ಒಂದು. ಗೈಡ್‌ಗೆ ಆ ಪಟ್ಟಿ ತೋರಿಸಿದರೆ ಅರ್ಧ ಜಗಳ ಮುಗಿಯುತ್ತೆ.

ಬರೆಯುವಾಗ ಇನ್ನೊಂದು ಕಾಟ. 'ಕುಟುಂಬದ ಬೆಂಬಲ' ಅಂತ ಒಂದು ಥೀಮ್ ಮಾಡಿ ಎಂಟೂ ಜನರನ್ನು ಅದರೊಳಗೆ ತುರುಕುತ್ತೇವೆ. ಆ ತಾಯಿಗೆ ಸೊಸೆಯ ಬೆಂಬಲವೇ ಭಾರ ಆಗಿತ್ತಲ್ವಾ? ಥೀಮಿಗೆ ಒಗ್ಗದ ಇಂಥವರನ್ನು ಬಿಡಬೇಡಿ, ಅವರಿಗೆ ಒಂದಿಡೀ ಪುಟ ಕೊಡಿ. ಚೆನ್ನಾಗಿ ಮಾತಾಡುವ ಇಬ್ಬರ ಮಾತೇ ಎಲ್ಲ ಕಡೆ ಉದ್ಧರಣೆ ಆಗಿದೆಯಾ ಅಂತಲೂ ಒಮ್ಮೆ ಎಣಿಸಿ ನೋಡಿ.

ಹೆಸರು ಬದಲಿಸಿದರೆ ಸಾಕು ಅನ್ನುತ್ತಾರೆ, ಸಾಲದು. ಊರು, ವಯಸ್ಸು, ಕೆಲಸ ಮೂರೂ ಬರೆದರೆ ಚಿಂಚೋಳಿ, ಸೇಡಂನಂಥ ತಾಲ್ಲೂಕಿನಲ್ಲಿ ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತೆ. ಅದಕ್ಕೇ ಮೇಲೆ ನಾನು ಆ ತಾಯಿಯ ವಿವರ ಬರೆದಿಲ್ಲ.

ಕೊನೆಗೆ, ನಿಮ್ಮ ಎಂಟು ಜನರಲ್ಲಿ ಮಾತು ನಿಂತವರು ಯಾರಾದರೂ ಇದ್ದಾರಾ? ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಭಾಷೆಯ ತೊಂದರೆ ಆಗುತ್ತೆ. ಸಂದರ್ಶನ ಕಷ್ಟ ಅಂತ ಅವರನ್ನೇ ಮೊದಲು ಕೈಬಿಡುತ್ತಾರೆ. ಚಿತ್ರ, ಬರೆದ ಪದ, ಹೌದು-ಇಲ್ಲ ಸನ್ನೆ ಇಟ್ಟುಕೊಂಡು ಎರಡು ಮೂರು ಸಲ ಸಮಾಧಾನವಾಗಿ ಕೂತರೆ ಅವರಲ್ಲೂ ಎಷ್ಟೋ ಜನ ಹೇಳುತ್ತಾರೆ. ಒಬ್ಬರನ್ನಾದರೂ ಸೇರಿಸಿಕೊಳ್ಳಿ. ಅವರ ಒಪ್ಪಿಗೆ ಹೇಗೆ ಪಡೆಯುತ್ತೀರಿ ಅಂತ ಎಥಿಕ್ಸ್ ಕಮಿಟಿ ಅರ್ಜಿಯಲ್ಲಿ ಮೊದಲೇ ಬರೆದುಬಿಡಿ, ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತೆ.